ರಫ್ ಪುಸ್ತಕ ಎಲ್ಲಿದೆ?

ಮೊಮ್ಮಗಳು: ತಾತ, ಇನ್ನು 9 ದಿನ ಇದೆ. ಬೇರೆ ಪೇಪರುಗಳನ್ನು ಹೇಗೋ ಮಾಡ್ತೀನಿ. ಈ ಕ್ಷೇತ್ರಕಾರ್ಯದ ಪೇಪರಿಗೆ ಮಾತ್ರ ಕೈಕಾಲು ಆಡ್ತಿಲ್ಲ. ಸರಪಳಿ ಮೋಜಣಿ, ದಿಕ್ಸೂಚಿ ಮೋಜಣಿ, ಪ್ಲೇನ್ ಟೇಬಲ್, ಪ್ರಶ್ನಾವಳಿ, ಮಾದರಿ ಆಯ್ಕೆ, ಒಂದೊಂದಕ್ಕೂ ಆರು ಅನುಕೂಲ, ಆರು ಅನನುಕೂಲ. ರಾತ್ರಿ ಓದಿದ್ದು ಬೆಳಗ್ಗೆ ಇರಲ್ಲ.

ತಾತ: ಯಾವುದರಿಂದ ಓದ್ತಿದ್ದೀಯ?

ಮೊಮ್ಮಗಳು: ರೆಕಾರ್ಡಿನಿಂದ. ನೋಡಿ, ಬೈಂಡ್ ಮಾಡಿಸಿ ಸಹಿ ಆಗಿದೆ.

ತಾತ: ಅಂದವಾಗಿದೆ. ಆದರೆ ಇದು ಮನೆಯಲ್ಲಿ ಕೂತು ಬರೆದದ್ದು. ಹಳ್ಳದ ದಂಡೆಯಲ್ಲಿ, ಹೊಲದ ಬದುವಿನ ಮೇಲೆ ನಿಂತು ಬರೆದದ್ದು ಒಂದು ಇರಬೇಕಲ್ಲ? ರಫ್ ಪುಸ್ತಕ ಎಲ್ಲಿದೆ?

ಮೊಮ್ಮಗಳು: ಅದಾ? ನೀರಿಗೆ ಬಿದ್ದು ಒದ್ದೆಯಾಗಿತ್ತು. ಅಟ್ಟದ ಮೇಲೆ ಹಳೇ ಪೇಪರಿನ ಜೊತೆ ಹಾಕಿದ್ದೀನಿ.

ತಾತ: ಮೊದಲು ಅದನ್ನು ಇಳಿಸು. ನಾನು 34 ವರ್ಷ ತಾಲ್ಲೂಕಿನಲ್ಲಿ ಸರ್ವೇಯರ್ ಆಗಿದ್ದವನು. ಹದ್ದುಬಸ್ತಿಗೆ ಹೋದಾಗ ಅಣ್ಣತಮ್ಮಂದಿರು ಬದುವಿನ ಆಚೆ ಈಚೆ ನಿಂತು ಜಗಳ ಆಡ್ತಿದ್ದರೆ, ನಾವು ಬಿಚ್ಚುತ್ತಿದ್ದದ್ದು ಬಣ್ಣ ಹಾಕಿದ ನಕ್ಷೆಯನ್ನಲ್ಲ, ಟಿಪ್ಪಣಿಯನ್ನು. ಯಾವನೋ ಹಿಂದಿನ ತಲೆಮಾರಿನ ಸರ್ವೇಯರ್ ಹೊಲದಲ್ಲಿ ನಿಂತು ಗೀಚಿದ ರೇಖೆ, ಪಕ್ಕದಲ್ಲಿ ಅಳತೆ. ಅದರ ಮೇಲೆ ಬಾಂದುಕಲ್ಲು ಎಲ್ಲಿತ್ತು ಅಂತ ತೀರ್ಮಾನ ಆಗ್ತಿತ್ತು.

ಮೊಮ್ಮಗಳು: ತಗೊಳ್ಳಿ. ಪುಟ ಅಂಟಿಕೊಂಡಿವೆ, ಮೆಲ್ಲಗೆ ಬಿಡಿಸಿ.

ತಾತ: ಪೆನ್ಸಿಲಿನಲ್ಲಿ ಬರೆದಿದ್ದೀಯ, ಒಳ್ಳೆಯದಾಯ್ತು. ಇಂಕಾಗಿದ್ದರೆ ಹೋಗಿರೋದು. ಇದೇನು, 24, 31, 25, 26? 31ಕ್ಕೆ ಒಂದು ಗೀಟು ಎಳೆದಿದ್ದೀಯ.

ಮೊಮ್ಮಗಳು: ಅದು ಕೆರೆ ಕೋಡಿ ಹಳ್ಳದಲ್ಲಿ ನೀರಿನ ವೇಗ ಅಳೆದದ್ದು. ದಂಡೆಯ ಮೇಲೆ 10 ಮೀಟರ್ ಗುರುತು ಮಾಡಿಕೊಂಡು, ಮೇಲಿನಿಂದ ಕಿತ್ತಳೆ ಹಣ್ಣು ಬಿಟ್ಟೆವು. ಕಿತ್ತಳೆ ಯಾಕೆ ಅಂದರೆ ಅದು ಬಹುಪಾಲು ಮುಳುಗಿ ತೇಲುತ್ತೆ, ಗಾಳಿ ತಳ್ಳಲ್ಲ. ಬಣ್ಣ ದೂರಕ್ಕೂ ಕಾಣುತ್ತೆ. ಎರಡನೇ ಸಲ ಹಣ್ಣು ಜೊಂಡಿಗೆ ಸಿಕ್ಕಿಕೊಂಡಿತು. ಅದಕ್ಕೇ 31 ಸೆಕೆಂಡು. ಆಮೇಲೆ ಇನ್ನೊಂದು ಸಲ ಬಿಟ್ಟೆವು.

ತಾತ: ರೆಕಾರ್ಡಿನಲ್ಲಿ ಬೇರೆ ಇದೆಯಲ್ಲ. ಮೂರು ಸಲ ಬಿಟ್ಟದ್ದು, ಮೂರು ಸಲವೂ 25.

ಮೊಮ್ಮಗಳು: ಎಲ್ಲರೂ ಹಾಗೇ ಬರೆದರು ತಾತ. ಹಿಂದಿನ ಬ್ಯಾಚಿನವರ ರೆಕಾರ್ಡು ನೋಡಿಕೊಂಡು. ಚೆನ್ನಾಗಿ ಕಾಣುತ್ತೆ ಅಂತ.

ತಾತ: ಹಳ್ಳ ಮೂರು ಸಲ ಒಂದೇ ಥರ ಹರಿಯಲ್ಲ ಮಗಳೇ. ಪೇಪರು ತಿದ್ದುವವರೂ ಒಂದು ಕಾಲದಲ್ಲಿ ಹಳ್ಳಕ್ಕೆ ಇಳಿದವರೇ. 25, 25, 25 ಅಂತ ನೋಡಿದ ಕೂಡಲೇ ಅವರಿಗೆ ಗೊತ್ತಾಗುತ್ತೆ. ನೀನು ಈಗ ಹೇಳಿದ್ಯಲ್ಲ, ಕಿತ್ತಳೆ ಯಾಕೆ, ಜೊಂಡು ಎಲ್ಲಿ, ಅದನ್ನು ಯಾವ ರಾತ್ರಿ ಓದಿ ಬಾಯಿಪಾಠ ಮಾಡಿದ್ದೆ?

ಮೊಮ್ಮಗಳು: ಓದಲೇ ಇಲ್ಲ. ನೆನಪಿತ್ತು.

ತಾತ: ಹಾಗಾದರೆ ಮುಂದಕ್ಕೂ ಹೇಳು. ನನಗೆ ಈ ನೀರಿನ ಲೆಕ್ಕ ಗೊತ್ತಿಲ್ಲ. ನಮ್ಮದು ನೆಲದ ಕೆಲಸ.

ಮೊಮ್ಮಗಳು: 31 ಬಿಟ್ಟರೆ ಉಳಿದ ಮೂರರ ಸರಾಸರಿ 25 ಸೆಕೆಂಡು. 10 ಮೀಟರಿಗೆ 25 ಸೆಕೆಂಡು ಅಂದರೆ ಸೆಕೆಂಡಿಗೆ 0.4 ಮೀಟರ್. ಆದರೆ ಇದು ಮೇಲಿನ ನೀರಿನ ವೇಗ. ತಳದಲ್ಲಿ, ಅಂಚಿನಲ್ಲಿ ನೀರು ಕಲ್ಲು ಮಣ್ಣಿಗೆ ಉಜ್ಜಿಕೊಂಡು ನಿಧಾನವಾಗುತ್ತೆ. ಅದಕ್ಕೆ ಸಾಮಾನ್ಯವಾಗಿ 0.85ರಿಂದ ಗುಣಿಸ್ತೀವಿ. 0.34 ಆಯ್ತು. ಹಳ್ಳದ ಅಗಲ 3 ಮೀಟರ್. ಅರ್ಧ ಮೀಟರಿಗೊಂದು ಕಡೆ ಕೋಲು ಇಳಿಸಿ ಆಳ ನೋಡಿದ್ದೆವು, ಸರಾಸರಿ 40 ಸೆಂಟಿಮೀಟರ್. ಅಡ್ಡಕೊಯ್ತದ ವಿಸ್ತೀರ್ಣ 1.2 ಚದರ ಮೀಟರ್. ವಿಸ್ತೀರ್ಣಕ್ಕೆ ವೇಗ ಗುಣಿಸಿದರೆ ಸೆಕೆಂಡಿಗೆ 0.408 ಘನ ಮೀಟರ್, ಅಂದರೆ 408 ಲೀಟರ್. ಕನ್ನಂಬಾಡಿ ಕಟ್ಟೆಗೆ ಇಷ್ಟು ಕ್ಯೂಸೆಕ್ ಒಳಹರಿವು ಅಂತ ಪೇಪರಿನಲ್ಲಿ ಬರುತ್ತಲ್ಲ, ಆ ಲೆಕ್ಕದಲ್ಲಿ ನಮ್ಮ ಹಳ್ಳ ಸುಮಾರು 14 ಕ್ಯೂಸೆಕ್. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28.3 ಲೀಟರ್.

ತಾತ: ಆ 31ನ್ನೂ ಸೇರಿಸಿಕೊಂಡಿದ್ದರೆ?

ಮೊಮ್ಮಗಳು: ತಾಳಿ, ಲೆಕ್ಕ ಹಾಕ್ತೀನಿ. ಸರಾಸರಿ 26.5 ಸೆಕೆಂಡು... 385 ಲೀಟರ್ ಬರುತ್ತೆ. ಸೆಕೆಂಡಿಗೆ 23 ಲೀಟರ್ ಕಡಿಮೆ!

ತಾತ: ಒಂದು ಜೊಂಡಿನ ಕಡ್ಡಿ ಸೆಕೆಂಡಿಗೆ ಎರಡು ಬಿಂದಿಗೆ ನೀರನ್ನು ಲೆಕ್ಕದಿಂದ ಕಳೀತು. ನಿಮ್ಮ ಪೇಪರಿನಲ್ಲಿ ಇಂಥದ್ದಕ್ಕೆ ಏನು ಹೆಸರು?

ಮೊಮ್ಮಗಳು: ವಿಧಾನದ ಮಿತಿಗಳು. ‘ನೀವು ಕೈಗೊಂಡ ಕ್ಷೇತ್ರಕಾರ್ಯದ ಮಿತಿಗಳನ್ನು ವಿಮರ್ಶಿಸಿ’ ಅಂತ 10 ಅಂಕಕ್ಕೆ ಬರುತ್ತೆ. ನಾನು ‘ಸಮಯದ ಅಭಾವ, ಉಪಕರಣಗಳ ಕೊರತೆ, ಹವಾಮಾನ ವೈಪರೀತ್ಯ’ ಅಂತ ಬಾಯಿಪಾಠ ಮಾಡಿಟ್ಟಿದ್ದೆ.

ತಾತ: ಅದನ್ನು ಯಾರು ಬೇಕಾದರೂ ಬರೀಬಹುದು, ಹಳ್ಳ ನೋಡದವರೂ. ಜೊಂಡು ನೀನೊಬ್ಬಳೇ ಬರೆಯೋದು. ತಪ್ಪಾದ ಅಳತೆಗೆ ಒಂದು ಗೀಟು ಎಳೆದು, ಪಕ್ಕದಲ್ಲಿ ಕಾರಣ ಬರೆದು, ಇನ್ನೊಂದು ಸಲ ಅಳೆಯಬೇಕು. ರಬ್ಬರ್ ಹಾಕಿ ಅಳಿಸಬಾರದು. ನಮಗೆ ಕೆಲಸಕ್ಕೆ ಸೇರಿದ ಮೊದಲ ವಾರ ಹೇಳಿಕೊಟ್ಟದ್ದು ಇದು.

ಮೊಮ್ಮಗಳು: ಸರಪಳಿಯದ್ದು ಹೇಳಿ ತಾತ. ಒಂದು ಲೆಕ್ಕದಲ್ಲಿ ನಾನು ಪ್ರತಿ ಸಲ ಉಲ್ಟಾ ಬರೀತೀನಿ. ಸರಪಳಿ ಉದ್ದ ಜಾಸ್ತಿಯಾಗಿದ್ದರೆ ಅಳತೆ ಜಾಸ್ತಿ ಬರುತ್ತೋ ಕಡಿಮೆಯೋ?

ತಾತ: ಸೇರಿನ ಲೆಕ್ಕದಲ್ಲಿ ಯೋಚನೆ ಮಾಡು. ಸೇರು ದೊಡ್ಡದಿದ್ದರೆ ಒಂದು ಮೂಟೆ ರಾಗಿ ಕಡಿಮೆ ಸೇರಿಗೆ ಮುಗಿದುಹೋಗುತ್ತೆ, ಅಲ್ವಾ? ಹಾಗೇ ಸರಪಳಿ ಹಿಗ್ಗಿದ್ದರೆ ಕಡಿಮೆ ಸಲ ಬೀಳುತ್ತೆ, ಪುಸ್ತಕದಲ್ಲಿ ಕಡಿಮೆ ಬರೀತೀಯ, ನೆಲ ಮಾತ್ರ ಜಾಸ್ತಿ ಇರುತ್ತೆ. 30 ಮೀಟರಿನ ಸರಪಳಿ 10 ಸೆಂಟಿಮೀಟರ್ ಹಿಗ್ಗಿದೆ ಅನ್ನು. 300 ಮೀಟರ್ ಅಂತ ಬರೆದುಕೊಂಡಿದ್ದೀಯ. ನಿಜವಾಗಿ ಎಷ್ಟು?

ಮೊಮ್ಮಗಳು: ಹತ್ತು ಸರಪಳಿ, ಒಂದೊಂದಕ್ಕೆ 10 ಸೆಂಟಿಮೀಟರ್... 301 ಮೀಟರ್.

ತಾತ: ಎಳೆದೂ ಎಳೆದೂ ಕೊಂಡಿಗಳು ಬಾಯಿ ಬಿಡ್ತವೆ, ಬಳೆ ಹಿಗ್ಗುತ್ತವೆ. ಮಣ್ಣು ಕಚ್ಚಿಕೊಂಡರೆ, ಕೊಂಡಿ ಬಗ್ಗಿದರೆ ಕುಗ್ಗುತ್ತೆ. ನಮ್ಮ ಕಾಲದ ಸರಪಳಿ 33 ಅಡಿಯದ್ದು, 16 ಆಣೆ. 33 ಅಡಿ ಉದ್ದ, 33 ಅಡಿ ಅಗಲ ಆದರೆ ಒಂದು ಗುಂಟೆ, 1,089 ಚದರ ಅಡಿ. ಅಂಥ 40 ಆದರೆ ಎಕರೆ.

ಮೊಮ್ಮಗಳು: ಪುಸ್ತಕದಲ್ಲಿರುವ ಗುಂಟರ್ ಸರಪಳಿ 66 ಅಡಿ, 100 ಕೊಂಡಿ. 1620ರದ್ದು. ನಿಮ್ಮದು ಸರಿಯಾಗಿ ಅದರ ಅರ್ಧ! ನಾನು 66 ಅನ್ನೋದನ್ನು ಸುಮ್ಮನೆ ಉರು ಹೊಡೆದಿದ್ದೆ.

ತಾತ: ಇನ್ನೊಂದು, ಫೀಲ್ಡ್ ಬುಕ್ಕನ್ನು ಯಾವ ಕಡೆಯಿಂದ ಬರೀತೀರಿ?

ಮೊಮ್ಮಗಳು: ಪುಟದ ಕೆಳಗಿನಿಂದ ಮೇಲಕ್ಕೆ. ಹಾಗೆ ಹೇಳಿಕೊಟ್ಟರು, ಯಾಕೆ ಅಂತ ನಾನು ಕೇಳಲಿಲ್ಲ.

ತಾತ: ಪುಸ್ತಕ ಕೈಯಲ್ಲಿ ಹಿಡಿದು ರೇಖೆಯ ಗುಂಟ ಮುಂದಕ್ಕೆ ನಡೀತಿದ್ದೀಯ. ನಡುವಿನ ಅಂಕಣದಲ್ಲಿ ಸರಪಳಿಯ ದೂರ. ಪುಟ ಮೇಲಕ್ಕೆ ಹೋದ ಹಾಗೆ ನೀನೂ ಮುಂದಕ್ಕೆ ಹೋಗ್ತೀಯ. ಎಡಗಡೆ ಬಾವಿ ಇದ್ದರೆ ಪುಟದಲ್ಲೂ ಎಡಗಡೆಗೇ ಬರುತ್ತೆ, ಬಲಗಡೆ ಹುಣಸೆಮರ ಬಲಕ್ಕೆ. ಮೇಲಿನಿಂದ ಕೆಳಕ್ಕೆ ಬರೆದರೆ ಎಡಬಲ ತಿರುಗುಮುರುಗಾಗಿ, ಸಂಜೆ ಕೂತು ನಕ್ಷೆ ಬರೆಯುವಾಗ ಬಾವಿ ಪಕ್ಕದವನ ಹೊಲಕ್ಕೆ ಹೋಗಿರುತ್ತೆ. ಬಾವಿಗೆ ಆಫ್‌ಸೆಟ್ ಎಳೆಯುವಾಗ ಲಂಬ ಹೇಗೆ ನೋಡಿದಿರಿ? ಕ್ರಾಸ್‌ಸ್ಟಾಫ್ ಇತ್ತಾ?

ಮೊಮ್ಮಗಳು: ಇರಲಿಲ್ಲ. ಟೇಪಿನಲ್ಲಿ 3, 4, 5 ಮೀಟರಿನ ತ್ರಿಕೋನ ಮಾಡಿದೆವು.

ತಾತ: ಭೇಷ್. ಅದನ್ನೂ ಬರಿ.

ಮೊಮ್ಮಗಳು: ದಿಕ್ಸೂಚಿಯಲ್ಲಿ ನಮಗೆ ಒಂದು ಕಡೆ ಲೆಕ್ಕ ಕೂಡಲಿಲ್ಲ. ಮುಂದಿನ ಬೇರಿಂಗು 64 ಡಿಗ್ರಿ. ಹಿಂದಕ್ಕೆ ನೋಡಿದರೆ 180 ಸೇರಿ 244 ಬರಬೇಕಿತ್ತು, 247 ಬಂತು.

ತಾತ: ಅಲ್ಲಿ ಏನಿತ್ತು?

ಮೊಮ್ಮಗಳು: ರಫ್ ಪುಸ್ತಕದಲ್ಲಿ ನೋಡೋಣ... ‘ಗೇಟು’ ಅಂತ ಬರೆದಿದೆ. ಹೌದು, ತೋಟದ ಕಬ್ಬಿಣದ ಗೇಟಿನ ಪಕ್ಕ ನಿಂತಿದ್ದೆ. ಸ್ಥಳೀಯ ಆಕರ್ಷಣೆ! ರೆಕಾರ್ಡಿನಲ್ಲಿ 244 ಅಂತ ತಿದ್ದಿ ಬರೆದಿದ್ದೀನಿ.

ತಾತ: ಜೇಬಿನಲ್ಲಿ ಫೋನಿದ್ದರೂ ಮುಳ್ಳು ಎಳೆಯುತ್ತೆ. ಇನ್ನು ಹೆಚ್ಚು ಹೇಳಲ್ಲ, ನಿನ್ನ ಕೈಯಲ್ಲೇ ಉತ್ತರ ಇದೆ. ಮನೆಮನೆ ಸಮೀಕ್ಷೆ ಮಾಡಿದ್ದಿರಲ್ಲ, ಅದರ ಕಥೆ ಏನು?

ಮೊಮ್ಮಗಳು: 120 ಮನೆ ಇತ್ತು. ಎಲ್ಲವನ್ನೂ ಕೇಳಲು ಆಗಲ್ಲ ಅಂತ ಆರಕ್ಕೊಂದರಂತೆ 20 ಮನೆ ಆರಿಸಿದೆವು. ಅದಕ್ಕೆ ಕ್ರಮಬದ್ಧ ಮಾದರಿ ಅಂತ ಹೆಸರು. ಬೆಳಗ್ಗೆ 11 ಗಂಟೆಗೆ ಹೋದೆವು. 7 ಮನೆಗೆ ಬೀಗ. ಬೀಗ ಇದ್ದ ಕಡೆ ಪಕ್ಕದ ಮನೆಗೆ ಹೋಗಿ ಕೇಳಿದೆವು. ಲೆಕ್ಕಕ್ಕೆ 20 ಆಯ್ತು.

ತಾತ: 11 ಗಂಟೆಗೆ ಯಾರ ಮನೆಗೆ ಬೀಗ ಇರುತ್ತೆ?

ಮೊಮ್ಮಗಳು: ಕೂಲಿಗೆ ಹೋಗುವವರ... ಅಯ್ಯೋ. ತಾತ, ಹಾಗಾದರೆ ನಮ್ಮ ಲೆಕ್ಕದಲ್ಲಿ ಮನೆಯಲ್ಲಿ ಕೂತಿರುವಷ್ಟು ಅನುಕೂಲ ಇದ್ದವರೇ ಜಾಸ್ತಿ ಬಂದರು! ಸ್ವಂತ ಜಮೀನು ಇರುವವರು ಬಹಳ ಅಂತ ತೀರ್ಮಾನ ಬರೆದಿದ್ದೀವಿ.

ತಾತ: ಊರು ಹಾಗಿಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಸಂಜೆ 6 ಗಂಟೆಗೆ ಮತ್ತೆ ಹೋಗಬೇಕಿತ್ತು. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತೆ ಕಣಮ್ಮ. ನೆಲದ ಅಳತೆ ತಪ್ಪಿದರೆ ಒಂದು ಬದು ತಪ್ಪುತ್ತೆ. ಜನರ ಅಳತೆ ತಪ್ಪಿದರೆ, ಇಲ್ಲದವರು ಲೆಕ್ಕದಲ್ಲೂ ಇಲ್ಲದವರಾಗ್ತಾರೆ. ಮೊದಲ ಪ್ರಶ್ನೆ ಏನು ಕೇಳಿದಿರಿ?

ಮೊಮ್ಮಗಳು: ‘ನಿಮ್ಮ ವಾರ್ಷಿಕ ಆದಾಯ ಎಷ್ಟು?’

ತಾತ: ಬಾಗಿಲು ತೆಗೆದ ಕೂಡಲೇ! ರೇಷನ್ ಕಾರ್ಡು ಕಿತ್ಕೊಳ್ಳೋಕೆ ಬಂದಿದ್ದಾರೆ ಅಂದುಕೊಂಡಿರ್ತಾರೆ. ಮೊದಲು ಯಾವ ಕಾಲೇಜು, ಯಾಕೆ ಬಂದಿದ್ದೀವಿ ಅಂತ ಹೇಳಿ, ಮಳೆ ಬೆಳೆ ಕೇಳಿ, ನೀರು ಎಲ್ಲಿಂದ ತರ್ತೀರಿ ಕೇಳಿ, ಹಣದ ಮಾತು ಕೊನೆಗೆ. ಹೆಣ್ಣುಮಕ್ಕಳನ್ನು ಕೇಳಿದಿರಾ? ನೀರು ಸೌದೆಯ ದೂರ ಗಂಡಸರಿಗೆ ಗೊತ್ತಿರಲ್ಲ.

ಮೊಮ್ಮಗಳು: ಗಂಡಸರೇ ಮುಂದೆ ಬಂದು ಮಾತಾಡಿದರು. ಎರಡು ಮನೆಗೆ ಮೊದಲು ಹೋಗಿ ಪ್ರಶ್ನಾವಳಿಯನ್ನು ಪರೀಕ್ಷೆ ಮಾಡಿದ್ದಿದ್ದರೆ ಇದೆಲ್ಲ ತಿಳೀತಿತ್ತು. ಅದಕ್ಕೇ ಪೂರ್ವ ಪರೀಕ್ಷೆ ಅನ್ನೋದು. ಈಗ ಅರ್ಥ ಆಯ್ತು. ಆದರೆ ತಾತ, ಗೊತ್ತಿದ್ದರೂ ನನಗೆ ಬರೆಯೋಕೆ ಟೈಮೇ ಸಾಲಲ್ಲ. ಹೋದ ಟೆಸ್ಟಿನಲ್ಲಿ ಪ್ಲೇನ್ ಟೇಬಲಿನ ಚಿತ್ರ ಬರೆಯುತ್ತಾ ಕೂತೆ. ಮೇಜು, ಮುಕ್ಕಾಲಿ, ಆಲಿಡೇಡ್, ರಸಮಟ್ಟ, ತೂಗುಗುಂಡು, ಮರಕ್ಕೆ ಎಲೆ ಬೇರೆ. ತಲೆ ಎತ್ತಿ ನೋಡಿದರೆ 35 ನಿಮಿಷ ಹೋಗಿತ್ತು. ಕೊನೆಗೆ 12 ಅಂಕದ ಪ್ರಶ್ನೆಗಳು ಹಾಗೇ ಖಾಲಿ ಉಳಿದವು. ಮನೆಗೆ ಬಂದು ಅತ್ತೆ.

ತಾತ: ಗೊತ್ತು. ನಿಮ್ಮಮ್ಮ ಹೇಳಿದಳು. ನಿನ್ನ ಹೆಜ್ಜೆ ಎಷ್ಟು?

ಮೊಮ್ಮಗಳು: ಹೆಜ್ಜೆಯಾ? 71 ಸೆಂಟಿಮೀಟರ್. 100 ಮೀಟರನ್ನು ಮೂರು ಸಲ ನಡೆದು ನೋಡಿದ್ದೆವು. 138, 142, 140.

ತಾತ: ಪಕ್ಕದವಳ ಹೆಜ್ಜೆ?

ಮೊಮ್ಮಗಳು: ಅವಳು ಎತ್ತರ, ಅವಳದ್ದು ಬೇರೆ. ಅವರವರ ಹೆಜ್ಜೆ ಅವರವರೇ ಅಳೆದುಕೊಳ್ಳಬೇಕು.

ತಾತ: ನಿನ್ನ ಪೆನ್ನಿನ ಹೆಜ್ಜೆ ಅಳೆದಿದ್ದೀಯಾ? ಒಂದು ಪುಟ ಬರೆಯಲು ಎಷ್ಟು ಹೊತ್ತು, ಒಂದು ಚಿತ್ರಕ್ಕೆ ಎಷ್ಟು ಹೊತ್ತು?

ಮೊಮ್ಮಗಳು: ಇಲ್ಲ. ಬೇಗ ಬರೀಬೇಕು ಅಂತ ಅಂದುಕೊಳ್ತೀನಿ ಅಷ್ಟೆ.

ತಾತ: ಬೇಗ ಅನ್ನೋದು ಅಳತೆಯಲ್ಲ. ನಾವು ಹೊಲಕ್ಕೆ ಇಳಿಯುವ ಮುಂಚೆ ಎಷ್ಟು ರೇಖೆ, ಎಷ್ಟು ಕಲ್ಲು, ರೇಖೆಗೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕ್ತಿದ್ದೆವು. ಬಿಸಿಲೇರಿದ ಮೇಲೆ ದೂರದ ಕಲ್ಲು ನಡುಗಿದ ಹಾಗೆ ಕಾಣುತ್ತೆ, ಅದಕ್ಕೆ ಉದ್ದದ ನೋಟಗಳೆಲ್ಲ ಬೆಳಗ್ಗೆಯೇ. ಹೊರಟ ಕಲ್ಲಿಗೆ ವಾಪಸು ಬಂದು ಮುಚ್ಚುವುದಕ್ಕೆ ಒಂದು ಗಂಟೆ ಎತ್ತಿಡ್ತಿದ್ದೆವು. ಮುಚ್ಚದೆ ಹೋದರೆ ಎಲ್ಲಿ ತಪ್ಪಿದೆ ಅಂತಲೇ ಗೊತ್ತಾಗಲ್ಲ. ನಿನ್ನ ಪೇಪರು ಎಷ್ಟು ಹೊತ್ತಿನದು?

ಮೊಮ್ಮಗಳು: 3 ಗಂಟೆ, 80 ಅಂಕ. ಪ್ರಶ್ನೆ ಓದಿ ಆರಿಸಲು 15 ನಿಮಿಷ, ಕೊನೆಗೆ ನೋಡಲು 15 ನಿಮಿಷ ತೆಗೆದರೆ 150 ಉಳಿಯುತ್ತೆ. ಅಂಕಕ್ಕೆ 2 ನಿಮಿಷಕ್ಕಿಂತ ಸ್ವಲ್ಪ ಕಡಿಮೆ. 10 ಅಂಕಕ್ಕೆ 18, ಅಬ್ಬಬ್ಬಾ ಅಂದರೆ 19. ಐದು ಅಂಕಕ್ಕೆ 9.

ತಾತ: ಗಡಿಯಾರ ಇಲ್ಲಿಡ್ತೀನಿ. 10 ಅಂಕದ್ದು ಒಂದು ಬರಿ. ಪ್ಲೇನ್ ಟೇಬಲೇ ಇರಲಿ. ಅವಸರ ಬೇಡ, ಯಾವಾಗಲೂ ಬರೆಯುವ ಹಾಗೆ ಬರಿ.

ಮೊಮ್ಮಗಳು: ...ಆಯ್ತು. ಎಷ್ಟು?

ತಾತ: 27 ನಿಮಿಷ. ಅದರಲ್ಲಿ ಚಿತ್ರಕ್ಕೆ 14.

ಮೊಮ್ಮಗಳು: ಅರ್ಧಕ್ಕರ್ಧ! ನಾನು ಬರವಣಿಗೆ ನಿಧಾನ ಅಂದುಕೊಂಡಿದ್ದೆ. ಕಾಫಿ ಕುಡಿದು ಇನ್ನೊಂದು ಸಲ ಬರೀತೀನಿ. ಈ ಸಲ ಮುಕ್ಕಾಲಿಗೆ ಮೂರು ಗೆರೆ, ಮರಕ್ಕೆ ಒಂದು ಸೊನ್ನೆ, ಎಲೆ ಇಲ್ಲ. ಹೆಸರುಗಳು ಮಾತ್ರ ಸ್ಪಷ್ಟ.

ತಾತ: ...21. ಚಿತ್ರಕ್ಕೆ 6. ಅಂಕ ಎಲ್ಲಿ ಹೋಯ್ತು ಹೇಳು?

ಮೊಮ್ಮಗಳು: ಎಲ್ಲೂ ಹೋಗಲಿಲ್ಲ. ಒಂದೇ ಕಡೆ ನಿಂತು ಸುತ್ತಲಿನ ಬಿಂದುಗಳಿಗೆ ಕಿರಣ ಎಳೆಯುವುದು ವಿಕಿರಣ ವಿಧಾನ. ಹಳ್ಳದ ಆಚೆಯ ಮರದ ಹಾಗೆ ಹೋಗಿ ಅಳೆಯಲಾಗದ ಕಡೆ ಇದ್ದರೆ ಎರಡು ಠಾಣೆಯಿಂದ ಛೇದನ ವಿಧಾನ. ನಕ್ಷೆ ಸ್ಥಳದಲ್ಲೇ ಮೂಡುವುದರಿಂದ ಬಿಟ್ಟುಹೋದದ್ದು ಅಲ್ಲೇ ಕಣ್ಣಿಗೆ ಬೀಳುತ್ತೆ, ಮಳೆ ಬಂದರೆ ಕಾಗದ ಹಾಳು. ಎಲ್ಲ ಬಂದಿದೆ. ಇನ್ನು ಎರಡು ಮೂರು ನಿಮಿಷ ಇಳಿಸಬೇಕು.

ತಾತ: ನಾಳೆ ಇನ್ನೊಂದು ಬರಿ, ನಾಡಿದ್ದು ಮತ್ತೊಂದು. ಪರೀಕ್ಷೆಯ ದಿನ 19ನೇ ನಿಮಿಷಕ್ಕೆ ವಾಕ್ಯ ಮುಗಿಸಿ, ಅರ್ಧ ಪುಟ ಜಾಗ ಬಿಟ್ಟು ಮುಂದಕ್ಕೆ ಹೋಗಬೇಕು. ಹೊಟ್ಟೆ ಉರಿಯುತ್ತೆ, ಇನ್ನೂ ಗೊತ್ತಿದೆಯಲ್ಲ ಅಂತ. ಆದರೂ ಹೋಗಬೇಕು. ಕೊನೆಯ 15 ನಿಮಿಷ ವಾಪಸು ಬರೋಕೆ ಇದೆಯಲ್ಲ.

ಮೊಮ್ಮಗಳು: ತಾತ, ಹಳೇ ಕಾಲದ ಸರ್ವೇಯರ್ ಲ್ಯಾಂಬ್ಟನ್ ಬಗ್ಗೆ ಓದಿದ್ದೆ. 1802ರಲ್ಲಿ ಮದರಾಸಿನಲ್ಲಿ ಏಳೂವರೆ ಮೈಲಿಯ ಆಧಾರರೇಖೆಯನ್ನು ಉಕ್ಕಿನ ಸರಪಳಿಯಲ್ಲಿ ಅಳೆಸಿದ. ಬಿಸಿಲಿಗೆ ಸರಪಳಿ ಹಿಗ್ಗುತ್ತೆ ಅಂತ ಮರದ ಪೆಟ್ಟಿಗೆಗಳಲ್ಲಿ ಮಲಗಿಸಿ, ಥರ್ಮಾಮೀಟರ್ ಇಟ್ಟು, ಶಾಖದ ಲೆಕ್ಕ ಕಳೆದ. ಆಮೇಲೆ ಅಲ್ಲಿಂದ ಮಂಗಳೂರಿನವರೆಗೆ ತ್ರಿಕೋನ ಜೋಡಿಸಿಕೊಂಡು ಬಂದಾಗ, 400 ಮೈಲಿ ಅಗಲ ಅಂತ ನಂಬಿದ್ದ ನೆಲ 360 ಮೈಲಿ ಅಂತ ಗೊತ್ತಾಯ್ತು. ಇದನ್ನು ಬರೀಬಹುದಾ?

ತಾತ: ಆಧಾರರೇಖೆಯ ಪ್ರಶ್ನೆ ಬಂದರೆ ಎರಡು ವಾಕ್ಯ ಬರಿ. ಬರದಿದ್ದರೆ ಬೇಡ. ಗೊತ್ತಿದ್ದದ್ದನ್ನೆಲ್ಲ ಸುರಿಯಬಾರದು. ‘ವಿವರಿಸಿ’ ಅಂದರೆ ಹೇಗೆ ಮಾಡಿದಿರಿ, ‘ವಿಮರ್ಶಿಸಿ’ ಅಂದರೆ ಎಲ್ಲಿ ಎಡವಿದಿರಿ. ಕೇಳಿದ್ದಕ್ಕೆ ಮಾತ್ರ ಉತ್ತರ.

ಮೊಮ್ಮಗಳು: ಸ್ಥಳಾಕೃತಿ ನಕ್ಷೆಯೂ ಬಾಕಿ ಇದೆ.

ತಾತ: ನಮ್ಮೂರಿನ ಶೀಟು ಇದೆಯಲ್ಲ?

ಮೊಮ್ಮಗಳು: ಇದೆ, 57 ಡಿ ಒಳಗಿನ ಒಂದು ಶೀಟು. 1:50,000, ಅಂದರೆ 2 ಸೆಂಟಿಮೀಟರಿಗೆ 1 ಕಿಲೋಮೀಟರ್. ಸಮೋನ್ನತಿ ರೇಖೆಗಳ ಅಂತರ 20 ಮೀಟರ್.

ತಾತ: ದಿನಕ್ಕೆ 20 ನಿಮಿಷ ಅದರಲ್ಲಿ ಊರು ಸುತ್ತು. ಕೆಂಪು ಮನೆಗಳು, ನೀಲಿ ಕೆರೆ, ಕಂದು ರೇಖೆ ಒತ್ತೊತ್ತಾದ ಕಡೆ ನಮ್ಮ ಬೆಟ್ಟ. ಕಾಲಲ್ಲಿ ಹತ್ತಿದ ಬೆಟ್ಟ ನಕ್ಷೆಯಲ್ಲಿ ಮರೆಯಲ್ಲ.

ಮೊಮ್ಮಗಳು: ಹಾಗಾದರೆ ಬೆಳಗ್ಗೆ ರಫ್ ಪುಸ್ತಕ, ಗಡಿಯಾರ ಇಟ್ಟು ಒಂದು ಉತ್ತರ, ಸಂಜೆ ಶೀಟು. ರೆಕಾರ್ಡನ್ನು ಹೆಸರು, ವ್ಯಾಖ್ಯೆ ನೋಡೋಕೆ ಮಾತ್ರ ಇಟ್ಟುಕೊಳ್ತೀನಿ. ರಾತ್ರಿ ಓದಲ್ಲ.

ತಾತ: ರಾತ್ರಿ ಮಲಗು. ಹಳ್ಳ ಈಗ ಹೇಗಿದೆ ನೋಡಿದ್ದೀಯಾ?

ಮೊಮ್ಮಗಳು: ನಾವು ಅಳೆದದ್ದು ನವೆಂಬರಿನಲ್ಲಿ, ಕೆರೆ ಕೋಡಿ ಬಿದ್ದಿದ್ದಾಗ. ಈಗ ಸಂಕ್ರಾಂತಿ ಹತ್ತಿರ ಬಂತು. ನೀರು ಇಳಿದಿರುತ್ತೆ. ಅದೇ ಜಾಗದಲ್ಲಿ ಮತ್ತೆ ಅಳೆದರೆ ಎರಡು ಕಾಲದ ಹೋಲಿಕೆ ಸಿಗುತ್ತೆ. ಒಂದು ದಿನದ ಅಳತೆ ವರ್ಷದ ಅಳತೆಯಲ್ಲ ಅನ್ನೋ ಮಿತಿಗೆ ನನ್ನದೇ ಅಂಕಿ ಇರುತ್ತೆ.

ತಾತ: ನನಗೂ ಮಂಡಿ ನೋವು ಇವತ್ತು ಕಡಿಮೆ. ದಂಡೆಯ ಮೇಲೆ ನಿಂತು ಗಡಿಯಾರ ನಾನು ನೋಡ್ತೀನಿ, ಹಣ್ಣು ನೀನು ಬಿಡು. ಜೊಂಡು ಇದ್ದರೆ ಮೊದಲೇ ಕಿತ್ತು ಹಾಕೋಣ. ಕಿತ್ತಿದ್ದೀವಿ ಅಂತಲೂ ಬರಿ.

ಮೊಮ್ಮಗಳು: ಟೇಪು, ಕೋಲು, ಪೆನ್ಸಿಲು, ಪುಸ್ತಕಕ್ಕೆ ಈ ಸಲ ಪ್ಲಾಸ್ಟಿಕ್ ಕವರು. ಕಿತ್ತಳೆ ಎರಡು ಇವೆ.

ತಾತ: ಸಾಕು. ಆರೂವರೆಗೆ ಬೆಳಕಾಗಿರುತ್ತೆ. ಹೊರಡೋಣ.